ಹೂಳಿನೊಳಗಿನ ಆಮೆಗಳು

ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ನಮ್ಮ ಅಡಿಕೆ ತೋಟದ ತಲೆಯಲ್ಲಿ ಹಳೆಯ ಕೆರೆಯೊಂದಿದೆ. ಸುರಂಗದ, ಅಂದರೆ ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಬಿಲದ, ನೀರು ಬಂದು ಬೀಳುವುದು ಅದಕ್ಕೇ. ಕೆಲವು ವರ್ಷಗಳ ಹಿಂದೆ ಏಪ್ರಿಲಿನಲ್ಲಿ ತಳ ಕಂಡಿತೆಂದು ಹೂಳೆತ್ತಲು ಜೆಸಿಬಿ ಇಳಿಸಿದೆ. ಮೂರನೇ ಬಾರಿ ಮಣ್ಣು ಸುರಿದಾಗ ಬೆನ್ನು ಒಡೆದ ಆಮೆಯೊಂದು ಕೆಸರಿನ ಜೊತೆ ಬಿತ್ತು. ಯಂತ್ರ ನಿಲ್ಲಿಸಿ ಕೈಯಲ್ಲೇ ಕೆದಕಿದೆವು. ಮೊಳದಾಳದಲ್ಲಿ ಇನ್ನೂ ನಾಲ್ಕು, ಎಲ್ಲವೂ ಜೀವಂತ. ಹಿಂಗಾಲು ಒಳಗೆಳೆದುಕೊಂಡರೆ ಹೊಟ್ಟೆಯ ಕಡೆಯಿಂದ ಪುಟ್ಟ ಬಾಗಿಲಿನಂತೆ ಮುಚ್ಚಿಕೊಳ್ಳುವ ಮೆದುಚಿಪ್ಪಿನ ಜಾತಿ. ನೀರು ಆರಿದರೆ ಇವು ಹೂಳಿನಲ್ಲಿ ಹುಗಿದುಕೊಂಡು ಮಳೆಗೆ ಕಾಯುತ್ತವೆ. ಅಷ್ಟು ವರ್ಷ ಅದೇ ಕೆರೆಯ ನೀರು ಕುಡಿದವನಿಗೆ ಅದು ಗೊತ್ತಿರಲಿಲ್ಲ. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಅಲ್ಲಿಂದ ಯಂತ್ರ ಕೆರೆಗೆ ಇಳಿದಿಲ್ಲ. ಒಂದು ವರ್ಷ ಅರ್ಧ, ಮರುವರ್ಷ ಉಳಿದರ್ಧ, ಆಳುಗಳ ಕೈಯಲ್ಲಿ. ಖರ್ಚು ಹೆಚ್ಚು, ಸುಳ್ಳು ಹೇಳುವುದಿಲ್ಲ. ತೆಗೆದ ಹೂಳನ್ನು ಒಂದು ರಾತ್ರಿ ದಡದಲ್ಲೇ ಬಿಟ್ಟು, ಬೆಳಿಗ್ಗೆ ಕೈಯಾಡಿಸಿ ನೋಡಿದ ಮೇಲೆಯೇ ಅಡಿಕೆ ಬುಡಕ್ಕೆ ಹಾಕುತ್ತೇವೆ. ಸಿಕ್ಕಿದವನ್ನು ಉಳಿದರ್ಧದ ಕೆಸರಿಗೆ ಬಿಡುತ್ತೇವೆ. ಮನೆಗೆ ಒಯ್ಯಲೇ ಎಂದು ಒಬ್ಬ ಕೇಳಿದ್ದ. 1972ರ ವನ್ಯಜೀವಿ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿರುವ ಜೀವಿ, ಹಿಡಿದರೆ ಜೈಲು ಎಂದೆ. ಆಮೇಲಿಂದ ಆಮೆ ಕಂಡರೆ ಮೊದಲು ಕೂಗುವವನು ಅವನೇ.

ಮೂರು ಬದಿ ಮುರಕಲ್ಲು ಕಟ್ಟಿಸಿದ್ದೆ. ನಾಲ್ಕನೆಯದನ್ನು ಮಣ್ಣಿನ ಇಳಿಜಾರಾಗಿಯೇ ಬಿಟ್ಟೆ. ಮೊಟ್ಟೆಯಿಡಲು ದಡ ಹತ್ತಲೇಬೇಕಲ್ಲ. ಮೊದಲ ಮಳೆಗಾಲದಲ್ಲಿ ಅದು ಜರಿಯಿತು. ಲಾವಂಚ ನೆಟ್ಟ ಮೇಲೆ ಮಣ್ಣು ನಿಂತಿದೆ. ಬಿದ್ದ ತೆಂಗಿನ ಕಾಂಡವೊಂದನ್ನು ಅರ್ಧ ಮುಳುಗಿಸಿ ಇಟ್ಟಿದ್ದೇನೆ. ಬೆಳಗಿನ ಬಿಸಿಲಿಗೆ ಇನ್ನೊಂದು ಜಾತಿಯ ಕಪ್ಪು ಆಮೆಗಳು ಅದರ ಮೇಲೆ ಸಾಲಾಗಿ ಕೂರುತ್ತವೆ.

ಗುಡ್ಡದ ಮೇಲಿನ ಸಿಲ್ಪಾಲಿನ್ ಎಂಬ ಪ್ಲಾಸ್ಟಿಕ್ ಹಾಳೆ ಹಾಸಿದ ನೀರಿನ ಹೊಂಡದ ಕತೆಯೇ ಬೇರೆ. ಮಳೆಗಾಲದಲ್ಲಿ ಕಪ್ಪು ಆಮೆ ನೆಲದ ಮೇಲೂ ತಿರುಗುತ್ತದೆ. ಅದರೊಳಗೆ ಬಿದ್ದರೆ ಕಾಲಿಗೆ ಹಿಡಿತವೇ ಇಲ್ಲ. ಎರಡು ಸತ್ತ ಮೇಲೆ ಎರಡು ಮೂಲೆಗಳಲ್ಲಿ ನಾರಿನ ಹಗ್ಗದ ಬಲೆ ಇಳಿಬಿಟ್ಟೆ. ಇಂಥ ಹೊಂಡ ಇರುವವರೆಲ್ಲ ದಯವಿಟ್ಟು ಇದೊಂದನ್ನಾದರೂ ಮಾಡಿ.

ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತು, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಸಿಂಪಡಿಸದೆ ಇರಲಾಗದು. ಆದರೆ ಮೈಲುತುತ್ತಿನ ಡ್ರಮ್ಮನ್ನು ಈಗ ಕೆರೆಯಿಂದ ದೂರ ತೊಳೆಯುತ್ತೇವೆ. ಮೈಲುತುತ್ತಿನಲ್ಲಿರುವ ತಾಮ್ರ ಮೀನು, ಬಸವನಹುಳುಗಳಿಗೆ ವಿಷ. ಅವು ಆಮೆಯ ಊಟ.

ಈ ವರ್ಷ ಪೂರ್ವದ ಅರ್ಧದ ಸರದಿ. ಗಡಿಗೆ ಬಿದಿರ ಗೂಟ ಹೊಡೆದಾಯಿತು. ಮೇ ಕೊನೆಯ ಹೊತ್ತಿಗೆ ಬರುವ ತುಳುವರ ಪತ್ತನಾಜೆಯೊಳಗೆ ಮುಗಿಸಬೇಕು.