ಕೆಂಪು ನೆಲದ ಹಾಲ್‌ಗೆ ತಿಳಿ ಬೂದು ಬಣ್ಣ ಆರಿಸಿದ ಬಗೆ

ನಮ್ಮದು ಮೈಸೂರಿನ ಹಳೇ ಮನೆ. ರೆಡ್ ಆಕ್ಸೈಡ್ ನೆಲ, ತೇಗದ ಬಾಗಿಲು. ಇವೆರಡೂ ಹಾಗೇ ಉಳಿಯಬೇಕು ಎಂಬುದು ನನ್ನ ಆಸೆ. ಹಾಗಾಗಿ ಗೋಡೆಗೆ ತಿಳಿ ಬೂದು ಎಂದು ನಿರ್ಧಾರವಾದ ಮೇಲೆ, ನೆಲಕ್ಕೆ ಹೊಂದುವ ಬೂದು ಯಾವುದು ಎಂದು ಹುಡುಕಿದೆ.

ಬೂದು ಅಂದರೆ ಬರೀ ಕಪ್ಪು ಬಿಳುಪು ಬೆರೆತದ್ದಲ್ಲ. ಹೆಚ್ಚಿನ ಶೇಡ್‌ಗಳಲ್ಲಿ ಚೂರು ನೀಲಿಯೋ ಹಸಿರೋ ನೇರಳೆಯೋ ಕಂದೋ ಅಡಗಿರುತ್ತದೆ. ತಿಳಿ ಶೇಡ್‌ನಲ್ಲಿ ಅದು ಸುಲಭಕ್ಕೆ ಕಾಣುವುದಿಲ್ಲ. ಶೇಡ್ ಕಾರ್ಡ್‌ನ ಅದೇ ಸಾಲಿನಲ್ಲಿರುವ ಗಾಢ ಬಣ್ಣ ನೋಡಿದೆ, ಗುಟ್ಟು ಬಿಟ್ಟುಕೊಟ್ಟಿತು.

ಹಳೇ ಗೋಡೆಯ ಮೇಲೆ ಸ್ಯಾಂಪಲ್ ಹಚ್ಚಲಿಲ್ಲ. ಪಕ್ಕದ ಕ್ರೀಮ್ ಬಣ್ಣ ಕಣ್ಣನ್ನು ದಾರಿ ತಪ್ಪಿಸುತ್ತದೆ. ದಪ್ಪ ಬಿಳಿ ಡ್ರಾಯಿಂಗ್ ಶೀಟ್‌ಗೆ ಎರಡು ಕೋಟ್ ಬಳಿದು, ಅಂಚಿನಲ್ಲಿ ಬಿಳಿ ಬಿಟ್ಟು, ಪೂರ್ತಿ ಒಣಗಿಸಿದೆ. ಆಮೇಲೆ ನೆಲದ ಹತ್ತಿರ, ಬಾಗಿಲ ಪಕ್ಕ, ಕತ್ತಲೆ ಮೂಲೆಯಲ್ಲಿ ಇಟ್ಟು ನೋಡಿದೆ. ನೀಲಿ ಬೆರೆತ ಬೂದು ಕೆಂಪು ನೆಲದ ಬೆಳಕಿಗೆ ನೇರಳೆಯಾಯಿತು. ಕಂದು ಬೆರೆತದ್ದು ತೇಗಕ್ಕೂ ನೆಲಕ್ಕೂ ಚೆನ್ನಾಗಿ ಹೊಂದಿತು.

ನಮ್ಮ ಹಾಲ್‌ನ ಕಿಟಕಿ ಉತ್ತರಕ್ಕಿದೆ. ಉತ್ತರದ ಬೆಳಕು ತಣ್ಣಗಿರುತ್ತದೆ, ಅಂದರೆ ನೀಲಿ ಛಾಯೆಯದು, ಬೂದು ಬೇಡ ಅಂತ ಹೇಳುವವರು ಜಾಸ್ತಿ. ಆ ಮಾತು ಲಂಡನ್‌ಗೆ ಸರಿ. ಮೈಸೂರು ಸುಮಾರು 12 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ಅಲ್ವಾ? ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಇಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕಿರುತ್ತಾನೆ. ಉಳಿದ ತಿಂಗಳುಗಳಲ್ಲಿ ಹೆಚ್ಚಾಗಿ ಆಕಾಶದ ನೀಲಿ ಬೆಳಕು. ಹಾಗಾಗಿ ಬಿಸಿಲಿಗೂ ನೀಲಿ ಬೆಳಕಿಗೂ ಒಗ್ಗುವ ಶೇಡ್ ಬೇಕಿತ್ತು.

ರಾತ್ರಿಯ ದೀಪವೂ ಅಷ್ಟೇ ಮುಖ್ಯ. ಬೆಳಕಿನ ಛಾಯೆಯನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ; ಸಂಖ್ಯೆ ಹೆಚ್ಚಿದಷ್ಟೂ ಬೆಳಕು ನೀಲಿಯತ್ತ ವಾಲುತ್ತದೆ. 6500 ಕೆಲ್ವಿನ್ ಟ್ಯೂಬ್‌ಲೈಟ್ ಕೆಳಗೆ ನಾನು ಮೆಚ್ಚಿದ ಶೇಡ್ ಸಪ್ಪೆಯಾಗಿ ಕಂಡಿತು. 4000 ಕೆಲ್ವಿನ್ ಎಲ್‌ಇಡಿ ಹಾಕಿದ ಮೇಲೆ ಜೀವ ಬಂತು.

ಶೇಡ್‌ನ ಎಲ್‌ಆರ್‌ವಿಯನ್ನೂ (ಲೈಟ್ ರಿಫ್ಲೆಕ್ಟೆನ್ಸ್ ವ್ಯಾಲ್ಯೂ) ನೋಡಿದೆ. ಅಂದರೆ ಬಣ್ಣ ಎಷ್ಟು ಬೆಳಕನ್ನು ವಾಪಸ್ ಕೊಡುತ್ತದೆ ಎನ್ನುವ ಅಳತೆ. ಕಪ್ಪಿಗೆ 0, ಬಿಳಿಗೆ 100. ನಾನು 65ರ ಆಸುಪಾಸಿನದು ತೆಗೆದುಕೊಂಡೆ. ಮ್ಯಾಟ್ ಫಿನಿಶ್, ಏಕೆಂದರೆ ಹೊಳಪು ಜಾಸ್ತಿಯಾದರೆ ಹಳೇ ಗಾರೆಯ ಉಬ್ಬುತಗ್ಗು ಎದ್ದು ಕಾಣುತ್ತದೆ.

ಅಂಗಡಿಯಲ್ಲಿ ಪೂರ್ತಿ ಹಾಲ್‌ಗೆ ಬೇಕಾದಷ್ಟನ್ನು ಒಂದೇ ಸಲ ಟಿಂಟ್ ಮಾಡಿಸಿದೆ, ಅಂದರೆ ಬಣ್ಣ ಬೆರೆಸಿಸಿದೆ. ಡಬ್ಬಿಯಿಂದ ಡಬ್ಬಿಗೆ ಬಣ್ಣ ಬೇರೆಯಾಗದಿರಲಿ ಎಂದು ಪೇಂಟರ್ ಎಲ್ಲ ಡಬ್ಬಿಗಳನ್ನೂ ದೊಡ್ಡ ಬಕೆಟ್‌ನಲ್ಲಿ ಬೆರೆಸಿಕೊಂಡೇ ಕೆಲಸ ಶುರು ಮಾಡಿದರು.