ತೂಕ ಕಮ್ಮಿಯಾಗಿ ಮುಟ್ಟು ನಿಂತ್ರೆ ಏನ್ ಮಾಡ್ಬೇಕು

ಮೂರು ತಿಂಗಳಿಂದ ಮುಟ್ಟಾಗ್ಲಿಲ್ಲ ಅಂದ್ರೆ ಶಿರಸಿ ಆಗ್ಲಿ ಕಾರವಾರ ಆಗ್ಲಿ, ಮೊದ್ಲು ಹೆಂಗಸರ ಡಾಕ್ಟರ್ ಹತ್ರ ಹೋಗಿ, ಪ್ರೆಗ್ನೆನ್ಸಿ, ಥೈರಾಯ್ಡ್, ಪ್ರೊಲ್ಯಾಕ್ಟಿನ್ (ಎದೆಹಾಲು ಬರಿಸೋ ಹಾರ್ಮೋನ್) ಟೆಸ್ಟ್ ಮಾಡಿಸ್ಕೊಳ್ಳಿ, ತೂಕವೇ ಕಾರಣ ಅಂತ ನೀವೇ ತೀರ್ಮಾನ ಮಾಡ್ಬೇಡಿ. ಬಿಎಂಐ, ಅಂದ್ರೆ ಎತ್ತರಕ್ಕೆ ತಕ್ಕ ತೂಕ ಇದ್ಯಾ ಅಂತ ನೋಡೋ ಅಳತೆ, 18.5ಕ್ಕಿಂತ ಕೆಳಗಿದ್ರೆ ತೂಕ ಸಾಲ್ದು ಅಂತ ಲೆಕ್ಕ. ಆದ್ರೆ ಬಿಎಂಐ ಸರಿ ಇದ್ರೂ ಊಟ ಬಿಟ್ಟು ವಿಪರೀತ ಓಡೋರಿಗೂ ಮುಟ್ಟು ನಿಲ್ಬಹುದು, ಯಾಕಂದ್ರೆ ಮೈಗೆ ಬೇಕಾದಷ್ಟು ಆಹಾರ ಸಿಗ್ಲಿಲ್ಲ ಅಂದ್ರೆ ಮೆದುಳಿನ ಹೈಪೋಥಲಾಮಸ್ ಸಿಗ್ನಲ್ ಕಮ್ಮಿ ಮಾಡತ್ತೆ, ಅಂಡಾಶಯ ಸುಮ್ನಾಗತ್ತೆ, ಈಸ್ಟ್ರೋಜನ್ ಅನ್ನೋ ಹೆಣ್ಣು ಹಾರ್ಮೋನ್ ಇಳಿದು ಮೂಳೆನೂ ಸವೆಯತ್ತೆ. "ಮುಟ್ಟಿಲ್ಲ, ಆರಾಮಾಯ್ತು" ಅಂತ ಸುಮ್ನಿರೋ ಹುಡ್ಗೀರನ್ನ ನೋಡಿದ್ರೆ ನಂಗೆ ನಿಜವಾಗ್ಲೂ ಸಂಕಟ ಆಗತ್ತೆ.

ಅನ್ನ ಬಿಡ್ಬೇಡಿ. ಬೆಳಿಗ್ಗೆ ಕುಚ್ಚಲಕ್ಕಿ ಗಂಜಿಗೆ ತುಪ್ಪ ಹಾಕ್ಕೊಳ್ಳಿ, ಮಧ್ಯಾಹ್ನ ಕಾಯಿ ಅರೆದ ಬಂಗಡೆ ಸಾರು, ಮೀನು ತಿನ್ನದವ್ರು ಹೆಸರುಕಾಳು, ಮೊಸರು, ಸಂಜೆ ಶೇಂಗಾ ಬೆಲ್ಲ. ಎರಡು ತುತ್ತು ತಂಬ್ಳಿ ಅನ್ನ ಉಂಡು ಏಳೋದು ಸಾಲಲ್ಲ. ವ್ಯಾಯಾಮನೂ ಇಳಿಸಿ. ತೂಕ ಏರಿದ್ಮೇಲೂ ಮುಟ್ಟು ವಾಪಸ್ ಬರೋಕೆ ತಿಂಗಳುಗಟ್ಟಲೆ ಹಿಡೀಬಹುದು, ಆ ನಡುವೆ ಗರ್ಭ ನಿಲ್ಲಲ್ಲ ಅಂತ ಮಾತ್ರ ತಿಳ್ಕೋಬೇಡಿ. ತಿನ್ನೋಕೇ ಹೆದ್ರಿಕೆ ಆಗ್ತಿದ್ರೆ ಅದನ್ನೂ ಮುಚ್ಚಿಡ್ದೆ ಡಾಕ್ಟರ್ ಹತ್ರ ಹೇಳಿ, ಅದಕ್ಕೂ ಚಿಕಿತ್ಸೆ ಇದೆ.