ಚಮಚದ ಬೆನ್ನು ತಿರುಗಿಸಿ ನೋಡಿ

ಆನ್‌ಲೈನಿನಲ್ಲಿ ‘ಫ್ಲಾಟ್‌ವೇರ್’ ಅಂತ ನೋಡಿ, ಚಪ್ಪಟೆ ತಟ್ಟೆ ಇರಬೇಕು ಅಂದುಕೊಳ್ಳುವವರಿದ್ದಾರೆ. ತಟ್ಟೆಯಲ್ಲ. ಊಟದ ಮೇಜಿನ ಮೇಲಿಡುವ ಚಮಚ, ಫೋರ್ಕು, ಚಾಕುಗಳಿಗೆ ಅಮೆರಿಕದವರು ಒಟ್ಟಾಗಿ ಹೇಳುವ ಮಾತದು. ನಮ್ಮಲ್ಲಿ ರೂಢಿಯಲ್ಲಿರುವ ‘ಕಟ್ಲರಿ’ ಇಂಗ್ಲೆಂಡಿನವರ ಬಳಕೆ. ಅಮೆರಿಕದಲ್ಲಿರುವ ಮಕ್ಕಳು ‘ಸಿಲ್ವರ್‌ವೇರ್’ ತಗೊಂಡೆವು ಅಂದರೆ ಬೆಳ್ಳಿ ಅಂತ ಹಿಗ್ಗಬೇಡಿ, ಬಹುಪಾಲು ಅದೂ ಸ್ಟೀಲೇ.

ಕೊಳ್ಳುವಾಗ ಹೊಳಪಿಗೆ ಮರುಳಾಗದೆ ಚಮಚದ ಬೆನ್ನು ತಿರುಗಿಸಿ, ಇಲ್ಲವೇ ಡಬ್ಬಿಯ ಮೇಲೆ ಬರೆದದ್ದನ್ನು ಓದಿ. 18/10 ಅಂದರೆ ಆ ಸ್ಟೀಲಿನಲ್ಲಿ ಶೇಕಡಾ 18ರಷ್ಟು ಕ್ರೋಮಿಯಂ, 10ರಷ್ಟು ನಿಕಲ್. ಕ್ರೋಮಿಯಂ ತುಕ್ಕು ತಡೆಯುತ್ತದೆ. ನಿಕಲ್ ಅದಕ್ಕೆ ಜೊತೆಗೂಡಿ ಹೊಳಪನ್ನೂ ಬಾಳಿಕೆಯನ್ನೂ ಹೆಚ್ಚಿಸುತ್ತದೆ. 18/0 ಅಂದರೆ ನಿಕಲ್ ಇಲ್ಲ. ಬೆಲೆ ಕಡಿಮೆ, ಒದ್ದೆಯಲ್ಲೇ ಬಿಟ್ಟರೆ ಬೇಗ ಚುಕ್ಕೆ ಬೀಳುತ್ತದೆ. ಅಂಗಡಿಗೆ ಒಂದು ಪುಟ್ಟ ಅಯಸ್ಕಾಂತ ಒಯ್ಯಿರಿ. 18/0 ಚಮಚಕ್ಕೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ, 18/10ಕ್ಕೆ ಅಂಟುವುದಿಲ್ಲ, ಅಂಟಿದರೂ ಬಲು ಮೆಲ್ಲಗೆ. ಆದರೆ ಚಾಕುವಿಗೆ ಅಂಟಿತು ಅಂತ ಅಂಗಡಿಯವನ ಮೇಲೆ ಹರಿಹಾಯಬೇಡಿ. ಅಲಗು ಹರಿತವಾಗಿ ನಿಲ್ಲಬೇಕಾದರೆ ಗಡಸು ಸ್ಟೀಲೇ ಬೇಕು, ಅದಕ್ಕೆ ಅಯಸ್ಕಾಂತ ಅಂಟುತ್ತದೆ. ಒಳ್ಳೇ ಸೆಟ್ಟಿನಲ್ಲೂ ಮೊದಲು ಚುಕ್ಕೆ ಕಾಣುವುದು ಚಾಕುವಿನ ಮೇಲೆಯೇ.

ಆಮೇಲೆ ಫೋರ್ಕಿನ ಹಲ್ಲುಗಳ ಸಂದಿಯಲ್ಲಿ ಬೆರಳಾಡಿಸಿ. ಅಲ್ಲಿ ತರಿತರಿ ಸಿಕ್ಕರೆ ಕೆಲಸ ಅರ್ಧಂಬರ್ಧ ಅಂತಲೇ ಲೆಕ್ಕ. ಚಮಚದ ಕತ್ತನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಅಷ್ಟಕ್ಕೇ ಬಾಗಿದರೆ ಗಟ್ಟಿ ಮೊಸರಿಗೂ ಅದು ಬಾಳದು.

20 ಪೀಸಿನ ಸೆಟ್ಟು ಅಂದರೆ ಸಾಮಾನ್ಯವಾಗಿ 4 ಜನಕ್ಕೆ. ಒಬ್ಬೊಬ್ಬರಿಗೆ ಎರಡು ಫೋರ್ಕು, ಒಂದು ಚಾಕು, ಎರಡು ಚಮಚ. ಸಾರನ್ನ ಕಲಸಿ ತಿನ್ನುವ ಮನೆಯಲ್ಲಿ ಆ ಎರಡನೇ ಫೋರ್ಕು ಡ್ರಾಯರಿನಲ್ಲೇ ಮುದಿಯಾಗುತ್ತದೆ. ಬಿಡಿಬಿಡಿಯಾಗಿ ಸಿಕ್ಕರೆ ಚಮಚ ಹೆಚ್ಚು, ಫೋರ್ಕು ಕಡಿಮೆ ತೆಗೆದುಕೊಳ್ಳಿ ಅಂತಲೇ ನಾನು ಹೇಳುವುದು. ನೆಂಟರಿಗೆ ಮೇಜು ಜೋಡಿಸುವಾಗ ಫೋರ್ಕು ಎಡಕ್ಕೆ, ಚಾಕು ಬಲಕ್ಕೆ ತಟ್ಟೆಯ ಕಡೆ ಅಲಗು ಮಾಡಿ, ಅದರ ಪಕ್ಕ ಚಮಚ. ಇಷ್ಟು ಗೊತ್ತಿದ್ದರೆ ಸಾಕು. ಒಂದು ಎಚ್ಚರ ಮಾತ್ರ ಇರಲಿ: ಟೀ ಸ್ಪೂನಿನ ಅಳತೆ 5 ಮಿಲಿಲೀಟರು ಅಂತಾರೆ, ಮೇಜಿನ ಚಮಚಗಳು ಒಂದೊಂದು ಒಂದೊಂದು ಗಾತ್ರ. ಮಕ್ಕಳ ಔಷಧಿಯನ್ನು ಅದರಲ್ಲಿ ಅಳೆಯಬೇಡಿ.

ಸ್ಟೀಲಿನ ಶತ್ರು ಉಪ್ಪು. ಉಪ್ಪಿನಕಾಯಿ ಭರಣಿಯಲ್ಲಿ ಚಮಚ ಬಿಟ್ಟು ಮುಚ್ಚಳ ಹಾಕುವ ಅಭ್ಯಾಸ ಎಷ್ಟು ಮನೆಗಳಲ್ಲಿದೆಯೋ! ಉಪ್ಪೂ ಹುಳಿಯೂ ಸೇರಿ ಸೂಜಿಮೊನೆಯಷ್ಟು ಗುಳಿ ಕೊರೆಯುತ್ತವೆ, ಅದು ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಭರಣಿಗೆ ಮರದ ಚಮಚವೋ ಪಿಂಗಾಣಿಯದೋ ಇಡಿ, ಅದೂ ಒಣಗಿದ್ದು. ಬೋರ್‌ವೆಲ್ ನೀರಿನ ಮನೆಗಳಲ್ಲಿ ತೊಳೆದ ಚಮಚದ ಮೇಲೆ ಬಿಳಿ ಕಲೆ ನಿಲ್ಲುತ್ತದೆ. ಅದು ತುಕ್ಕಲ್ಲ, ಸುಣ್ಣ. ಬಟ್ಟೆಗೆ ಸ್ವಲ್ಪ ವಿನಿಗರ್ ಹಾಕಿ ಒರೆಸಿ, ತೊಳೆದು, ಕೂಡಲೇ ಒಣಗಿಸಿ. ಕಬ್ಬಿಣದ ನಾರಿನಲ್ಲಿ ತಿಕ್ಕಬೇಡಿ. ಗೀರೂ ಬೀಳುತ್ತದೆ, ನಾರಿನ ಚೂರು ಉಳಿದು ಅದೇ ತುಕ್ಕು ಹಿಡಿದು ಚಮಚದ ಮೇಲೆ ಹಳದಿ ಕಲೆ ಮಾಡುತ್ತದೆ.

ಇನ್ನು ನಿಜವಾದ ಬೆಳ್ಳಿ. ‘925’ ಎಂಬ ಗುರುತಿದ್ದರೆ ಸಾವಿರಕ್ಕೆ 925 ಪಾಲು ಬೆಳ್ಳಿ. ಹಳೇ ಕಾಲದ ಇಂಗ್ಲಿಷ್ ಚಮಚಗಳ ಬೆನ್ನಿಗೆ ‘ಇ.ಪಿ.ಎನ್.ಎಸ್.’ ಎಂಬ ನಾಲ್ಕು ಇಂಗ್ಲಿಷ್ ಅಕ್ಷರ ಇದ್ದರೆ, ಅದು ತಾಮ್ರ, ನಿಕಲ್, ಸತು ಬೆರೆತ ಜರ್ಮನ್ ಸಿಲ್ವರಿಗೆ ಬೆಳ್ಳಿ ಲೇಪ ಮಾಡಿದ್ದು. ಅದನ್ನು ಜೋರಾಗಿ ತಿಕ್ಕಿದರೆ ಲೇಪವೇ ಸವೆದುಹೋಗುತ್ತದೆ. ಬೆಳ್ಳಿ ಕಪ್ಪಾಗುವುದು ಗಂಧಕದಿಂದ. ಮೊಟ್ಟೆ, ಈರುಳ್ಳಿ ಎರಡರಲ್ಲೂ ಅದಿದೆ, ಕಟ್ಟಿಡುವ ರಬ್ಬರ್ ಬ್ಯಾಂಡಿನಲ್ಲೂ ಇದೆ. ನಯವಾದ ವಿಭೂತಿಯಲ್ಲಿ ಮೆಲ್ಲಗೆ ಉಜ್ಜುವ ನಮ್ಮ ಹಳೇ ಪದ್ಧತಿ ಚೆನ್ನಾಗಿಯೇ ಇದೆ. ತುಂಬ ಕಪ್ಪಾಗಿದ್ದರೆ ಪಾತ್ರೆಯೊಳಗೆ ಅಲ್ಯೂಮಿನಿಯಂ ಹಾಳೆ ಹಾಸಿ, ಚಮಚಗಳು ಅದಕ್ಕೆ ತಾಗುವಂತೆ ಇಟ್ಟು, ಒಂದು ಲೀಟರ್ ಬಿಸಿನೀರಿಗೆ ದೊಡ್ಡ ಚಮಚದಷ್ಟು ಅಡುಗೆ ಸೋಡಾ ಹಾಕಿ ಸುರಿಯಿರಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಬರಿ ಬೇಡ, ಗಂಧಕ ಬಿಟ್ಟುಹೋಗುತ್ತಿದೆ ಅಂತ ಅರ್ಥ. ಹೀಗೆ ಮಾಡಿದರೆ ಉಜ್ಜಿದಾಗ ಸವೆಯುವಂತೆ ಬೆಳ್ಳಿ ಸವೆಯುವುದಿಲ್ಲ. ಆದರೆ ಕುಸುರಿಯ ಸಂದಿಯಲ್ಲಿ ಬೇಕೆಂತಲೇ ಕಪ್ಪು ಉಳಿಸಿರುವ ಸಾಮಾನಿಗೂ, ಹಿಡಿ ಟೊಳ್ಳಾಗಿರುವ ಹಳೇ ಚಾಕುಗಳಿಗೂ ಇದು ಬೇಡ. ಹಿಡಿಯೊಳಗಿನ ಅಂಟು ಬಿಸಿಗೆ ಕರಗಿ ಅಲಗು ಕಳಚಿಕೊಳ್ಳುತ್ತದೆ.

ಪಾತ್ರೆ ತೊಳೆಯುವ ಯಂತ್ರವಿದ್ದರೆ ಬೆಳ್ಳಿಯನ್ನೂ ಸ್ಟೀಲನ್ನೂ ಒಂದೇ ಬುಟ್ಟಿಯಲ್ಲಿ ತಾಗಿಸಿ ಇಡಬೇಡಿ, ಎರಡೂ ಕಲೆಗಟ್ಟುತ್ತವೆ. ಬೆಳ್ಳಿಯನ್ನು ಕೈಯಲ್ಲೇ ತೊಳೆದು, ಹಳೇ ಹತ್ತಿ ಬಟ್ಟೆಯಲ್ಲಿ ಸುತ್ತಿ, ಒಂದು ತುಂಡು ಸೀಮೆಸುಣ್ಣದ ಜೊತೆ ಗಾಳಿಯಾಡದ ಡಬ್ಬಿಯಲ್ಲಿಡಿ. ಸುಣ್ಣದ ಕಡ್ಡಿ ತೇವ ಹೀರಿಕೊಳ್ಳುತ್ತದೆ. ಮಳೆಗಾಲ ಮುಗಿದ ಮೇಲೆ ಅದನ್ನು ಬದಲಾಯಿಸಿ.